ಮೆಟ್ಟಿಲಿಗೊಂದು ಕುರ್ಚಿ: ಸ್ಟೇರ್ ಲಿಫ್ಟ್ ಕೊಳ್ಳುವ ಮುಂಚೆ ಮನೆಯಲ್ಲಿ ಏನೇನು ನೋಡಬೇಕು?

ನಮ್ಮಮ್ಮ ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯುತ್ತಾರೆ. ಗೋಡೆಗೆ ಬೆನ್ನು ಮಾಡಿ, ಎರಡೂ ಕೈಯಲ್ಲಿ ರೇಲಿಂಗ್ ಹಿಡಿದು, ಮೊದಲು ನೋಯುವ ಬಲಗಾಲನ್ನು ಕೆಳಗಿಡುತ್ತಾರೆ. ಆಮೇಲೆ ಎಡಗಾಲನ್ನು ಅದರ ಪಕ್ಕಕ್ಕೆ ತರುತ್ತಾರೆ. ಒಟ್ಟು ಹದಿನೆಂಟು ಮೆಟ್ಟಿಲು. ಒಂಬತ್ತನೆಯದರ ಹತ್ತಿರ ತಿರುವು. ಅಲ್ಲಿ ಒಂದು ರೇಲಿಂಗ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ಗೇಣು ಜಾಗ ಖಾಲಿ ಇದೆ. ಏನೋ ಹೇಳುತ್ತಾ ಇಳಿಯುತ್ತಿದ್ದವರು ಆ ಗೇಣು ಜಾಗದಲ್ಲಿ ಸುಮ್ಮನಾಗುತ್ತಾರೆ. ದಾಟಿದ ಮೇಲೆ ಮಾತು ಮುಂದುವರಿಯುತ್ತದೆ.

ಹೋದ ವರ್ಷ ನಮ್ಮ ಅತ್ತೆ ತಮ್ಮ ಡೂಪ್ಲೆಕ್ಸ್ ಮನೆಯಲ್ಲಿ ಕೊನೆಯ ಎರಡು ಮೆಟ್ಟಿಲು ತಪ್ಪಿ ಬಿದ್ದರು. ಪುಣ್ಯಕ್ಕೆ ಸೊಂಟ ಉಳಿಯಿತು, ಮಣಿಕಟ್ಟು ಮುರಿಯಿತು. ಕೈಯ ಪ್ಲಾಸ್ಟರ್ ಬಿಚ್ಚುವ ಮೊದಲೇ ಮನೆಯವರು ಸ್ಟೇರ್ ಲಿಫ್ಟ್ ಆರ್ಡರ್ ಮಾಡಿದರು. ಮೆಟ್ಟಿಲ ಪಕ್ಕದ ಹಳಿಯ ಮೇಲೆ ಮೆಲ್ಲಗೆ ಏರಿ ಇಳಿಯುವ ಕುರ್ಚಿ ಇರುತ್ತದಲ್ಲ, ಅದು. ಕುರ್ಚಿ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಹಳಿಯ ಎರಡು ತುದಿಗಳಲ್ಲಿ.

ಕೆಳಗಿನ ತುದಿ ಬಚ್ಚಲುಮನೆ ಬಾಗಿಲ ಮುಂದೆ ಅರ್ಧ ಅಡಿ ಚಾಚಿಕೊಂಡಿತ್ತು. ರಾತ್ರಿ ಹೊತ್ತು ಮಾವ ಅದನ್ನು ಎರಡು ಸಲ ಎಡವಿದರು. ಮೇಲಿನ ತುದಿಯಲ್ಲಿ ಕುರ್ಚಿ ಕೊನೆಯ ಮೆಟ್ಟಿಲ ಮೇಲೇ ನಿಂತುಬಿಡುತ್ತಿತ್ತು, ಮಹಡಿಯ ನೆಲದವರೆಗೆ ಬರುತ್ತಿರಲಿಲ್ಲ. ಸೀಟು ತಿರುಗಿಸಲು ಹೋದರೆ ಗೋಡೆ ಅಡ್ಡ ಬಂದು ಅರ್ಧಕ್ಕೇ ನಿಲ್ಲುತ್ತಿತ್ತು. ಅಂದರೆ ಅತ್ತೆ ಇಡೀ ಮೆಟ್ಟಿಲನ್ನು ಆರಾಮಾಗಿ ಕೂತು ಏರಿ, ಅದರ ತುತ್ತತುದಿಯಲ್ಲಿ, ಪಕ್ಕದಲ್ಲೇ ಅಷ್ಟೂ ಮೆಟ್ಟಿಲ ಆಳ ಇಟ್ಟುಕೊಂಡು ಎದ್ದು ನಿಲ್ಲಬೇಕಿತ್ತು. ಮೊದಲಿದ್ದ ಅಪಾಯ ಕೆಳಗಿನ ಎರಡು ಮೆಟ್ಟಿಲಿನದು. ಲಿಫ್ಟ್ ಬಂದ ಮೇಲೆ ಅದೇ ಅಪಾಯ ಮಹಡಿ ಹತ್ತಿ ಕೂತಿತ್ತು. ಅಳತೆ ತೆಗೆದುಕೊಂಡು ಹೋದವರು ಮೆಟ್ಟಿಲನ್ನು ಅಳೆದಿದ್ದರು, ಅತ್ತೆಯನ್ನು ಒಂದು ಸಲವೂ ಎದ್ದು ಕೂತು ತೋರಿಸಿ ಅಂದಿರಲಿಲ್ಲ.

ಅವತ್ತಿನಿಂದ ನನಗೆ ಒಂದು ವಿಷಯ ಗಟ್ಟಿಯಾಗಿ ಮನಸ್ಸಿಗೆ ನಾಟಿದೆ. ಸ್ಟೇರ್ ಲಿಫ್ಟ್ ಆರಿಸುವಾಗ ಕುರ್ಚಿ ನೋಡುವುದು ಕೊನೆಗೆ. ಮೊದಲು ಕೂರುವವರನ್ನು ನೋಡಬೇಕು. ಆಮೇಲೆ ಹಳಿಯ ಎರಡು ತುದಿಗಳನ್ನು. ಆಮೇಲೆ ಮೆಟ್ಟಿಲ ಕಲ್ಲನ್ನು. ಈಗ ಅಮ್ಮನ ಮನೆಯ ಸರದಿ ಬಂದಿರುವುದರಿಂದ ನಾನು ಇದೇ ಕ್ರಮದಲ್ಲಿ ಹೋಗುತ್ತಿದ್ದೇನೆ.

ಹಿರಿಯರು ಮೇಲೆ, ಬಾಡಿಗೆ ಕೆಳಗೆ

ಬೆಂಗಳೂರಿನ ಸೈಟು ಅಂದರೆ ನಮ್ಮ ಬಾಯಲ್ಲಿ ಬರುವುದು 30×40, ಇಲ್ಲಾಂದರೆ 20×30. ಅಷ್ಟು ಜಾಗದಲ್ಲಿ ಮನೆ ಅಗಲಕ್ಕೆ ಬೆಳೆಯುವುದಿಲ್ಲ, ಎತ್ತರಕ್ಕೆ ಬೆಳೆಯುತ್ತದೆ. ಕೆಳಗೆ ಕಾರು ನಿಲ್ಲಿಸುವ ಜಾಗ, ಅದರ ಹಿಂದೆ ಒಂದು ಬಾಡಿಗೆ ಮನೆ. ಮೊದಲ ಮಹಡಿಯಲ್ಲಿ ಮಾಲೀಕರು. ಕೆಲವು ಕಡೆ ಅದರ ಮೇಲೆ ಮಗನ ಸಂಸಾರ. ಎಲ್ಲಕ್ಕಿಂತ ಮೇಲೆ ಬಟ್ಟೆ ಒಣಗಿಸುವ ತಾರಸಿ, ನೀರಿನ ಟ್ಯಾಂಕು.

ನಲವತ್ತನೇ ವಯಸ್ಸಿನಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದಾಗ ಇದು ಜಾಣತನದ ಲೆಕ್ಕ. ಬಾಡಿಗೆಯಿಂದ ಸಾಲ ತೀರುತ್ತಿತ್ತು. ಎಪ್ಪತ್ತೈದರಲ್ಲಿ ಅದೇ ಬಾಡಿಗೆ ಪಿಂಚಣಿಯ ಹಾಗೆ ಆಗಿಬಿಟ್ಟಿರುತ್ತದೆ, ಬಿಡಲಾಗುವುದಿಲ್ಲ. ಹಾಗಾಗಿ ನೆಲದ ಮೇಲಿರಬೇಕಾದವರು ಮಹಡಿಯಲ್ಲಿ, ಎರಡೆರಡೇ ಮೆಟ್ಟಿಲು ಹಾರಿ ಹತ್ತಬಲ್ಲ ಐಟಿ ಹುಡುಗರು ಕೆಳಗೆ. ನಮ್ಮ ಬೀದಿಯಲ್ಲೇ ಎಣಿಸಿದರೆ ಇಂಥ ಮನೆಗಳು ಐದಾರು ಸಿಗುತ್ತವೆ.

2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗಿಂತ ಜಾಸ್ತಿ ಇದ್ದರು. ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ ಅಂದಾಜು 6 ಲಕ್ಷ 84 ಸಾವಿರ ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಅಪಘಾತದ ಸಾವುಗಳಲ್ಲಿ ರಸ್ತೆಯ ನಂತರದ ಸ್ಥಾನ ಬೀಳುವುದಕ್ಕೇ. ಹೆಚ್ಚು ಪೆಟ್ಟು ತಿನ್ನುವವರು ಅರವತ್ತು ದಾಟಿದವರು. ಅಷ್ಟಾದರೂ ನಾವು ರಸ್ತೆಗೆ ಹೆದರುವಷ್ಟು ಮೆಟ್ಟಿಲಿಗೆ ಹೆದರುವುದಿಲ್ಲ, ಅಲ್ವಾ?

ಮನೆಯ ಮೆಟ್ಟಿಲು ಹೇಗಿರಬೇಕು ಅನ್ನುವುದಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅಳತೆ ಇದೆ. ಒಂದೊಂದು ಮೆಟ್ಟಿಲಿನ ಎತ್ತರ 190 ಮಿಲಿಮೀಟರ್ ಮೀರಬಾರದು, ಪಾದ ಇಡುವ ಜಾಗ 250 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಒಂದು ಟೇಪು ಹಿಡಿದು ನಿಮ್ಮ ಮನೆಯಲ್ಲೇ ಅಳೆದು ನೋಡಿ. ನಾನು ಅಮ್ಮನ ಮನೆಯಲ್ಲಿ ಅಳೆದೆ. ಮೇಲಿನ ಹದಿನೇಳು ಸರಿಯಾಗಿವೆ. ಎಲ್ಲಕ್ಕಿಂತ ಕೆಳಗಿನದು ಮಾತ್ರ ಉಳಿದವಕ್ಕಿಂತ ಎರಡು ಬೆರಳು ಗಿಡ್ಡ. ಅಂಗಳಕ್ಕೆ ಆಮೇಲೆ ಟೈಲ್ಸ್ ಹಾಕಿಸಿದ್ದರಿಂದ ನೆಲ ಮೇಲೆ ಬಂದಿದೆ. ಕಾಲು ಒಂದೇ ಲಯದಲ್ಲಿ ಇಳಿಯುತ್ತಿರುತ್ತದೆ. ಕೊನೆಯಲ್ಲಿ ಲಯ ತಪ್ಪಿದರೆ ಮುಗ್ಗರಿಸುತ್ತದೆ. ನನಗೆ ಮೂವತ್ತು ವರ್ಷದಿಂದ ಗೊತ್ತಾಗದೇ ಇದ್ದದ್ದು ಟೇಪಿಗೆ ಒಂದು ನಿಮಿಷದಲ್ಲಿ ಗೊತ್ತಾಯಿತು.

ಕುರ್ಚಿ ಹೇಗೆ ಓಡುತ್ತದೆ

ಈ ಸಲಕರಣೆ ಹೊಸದೇನಲ್ಲ. 1920ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಿ. ಸಿ. ಕ್ರಿಸ್ಪೆನ್ ಅನ್ನುವವರು ಕಾಯಿಲೆಯಿಂದ ಮಹಡಿ ಇಳಿಯಲಾಗದ ಗೆಳೆಯನಿಗಾಗಿ ಇಂಥದ್ದೊಂದು ಕುರ್ಚಿ ಮಾಡಿದರು. ಒಬ್ಬರ ಅಗತ್ಯ ನೋಡಿ ಹುಟ್ಟಿದ ವಸ್ತು ಅದು. ನಾವೂ ಕೊಳ್ಳುವಾಗ ಅಲ್ಲಿಂದಲೇ ಶುರು ಮಾಡಿದರೆ ಒಳ್ಳೆಯದು.

ಹಳಿಯನ್ನು ಗೋಡೆಗೆ ಬಿಗಿಯುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಅದು ನಿಲ್ಲುವುದು ಮೆಟ್ಟಿಲಿನ ಮೇಲೆ, ಚಿಕ್ಕ ಕಾಲುಗಳ ಆಧಾರದಲ್ಲಿ. ಹಳಿಯುದ್ದಕ್ಕೂ ಹಲ್ಲುಪಟ್ಟಿ ಇರುತ್ತದೆ. ಕುರ್ಚಿಯ ಕೆಳಗಿನ ಮೋಟಾರಿನ ಹಲ್ಲುಚಕ್ರ ಆ ಹಲ್ಲುಗಳನ್ನು ಕಚ್ಚಿಕೊಂಡು ಏರುತ್ತದೆ, ಇಳಿಯುತ್ತದೆ. ಯುರೋಪಿನಲ್ಲಿ ಇದಕ್ಕೆ ಇಎನ್ 81-40 ಅನ್ನುವ ಸುರಕ್ಷತಾ ಮಾನದಂಡ ಇದೆ. ಅದರ ಪ್ರಕಾರ ವೇಗ ಸೆಕೆಂಡಿಗೆ 0.15 ಮೀಟರ್ ದಾಟುವ ಹಾಗಿಲ್ಲ. ಅಮ್ಮನ ಮನೆಯಂಥ ಹದಿನೆಂಟು ಮೆಟ್ಟಿಲಿಗೆ ಹಳಿ ಐದೂವರೆ ಮೀಟರ್ ಅಂತ ಹಿಡಿದರೂ ಮೇಲೆ ತಲುಪಲು ಅರ್ಧ ನಿಮಿಷದ ಮೇಲೆ ಬೇಕು. ಅಮ್ಮ ಈಗ ಇಳಿಯಲು ತೆಗೆದುಕೊಳ್ಳುವ ಹೊತ್ತಿಗಿಂತ ಅದು ಎಷ್ಟೋ ಬೇಗ.

ಕಾಲಿಡುವ ಹಲಗೆಯ ಅಂಚಿನಲ್ಲಿ, ಮೋಟಾರು ಪೆಟ್ಟಿಗೆಯ ಅಂಚಿನಲ್ಲಿ ಸೆನ್ಸರ್ ಇರುತ್ತದೆ. ಮೆಟ್ಟಿಲ ಮೇಲೆ ಚಪ್ಪಲಿಯೋ ಮೊಮ್ಮಗನ ಆಟದ ಸಾಮಾನೋ ತಾಗಿದರೆ ಕುರ್ಚಿ ನಿಂತುಬಿಡುತ್ತದೆ. ಗುಂಡಿ ಒತ್ತಿ ಹಿಡಿದಿದ್ದರೆ ಮಾತ್ರ ಓಡುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ. ಇದು ಒಳ್ಳೆಯ ಏರ್ಪಾಡು. ಆದರೆ ಸಂಧಿವಾತದಿಂದ ಬೆರಳು ಸೊಟ್ಟಗಾದವರಿಗೆ ಅರ್ಧ ನಿಮಿಷ ಸಣ್ಣ ಗುಂಡಿ ಒತ್ತಿ ಹಿಡಿಯುವುದು ಕಷ್ಟ. ಅಂಥವರಿಗೆ ಅಂಗೈಯಲ್ಲಿ ತಳ್ಳಬಹುದಾದ ದೊಡ್ಡ ಹಿಡಿ ಇರುವ ಮಾದರಿ ಕೇಳಬೇಕು. ಮಕ್ಕಳಿರುವ ಮನೆಯಾದರೆ ಬೀಗದ ಕೀಲಿ ಇರುವುದೇ ಬೇಕು. ಭಾನುವಾರ ನೆಂಟರ ಮಕ್ಕಳು ಬಂದರೆ ಇದಕ್ಕಿಂತ ಒಳ್ಳೆ ಆಟದ ಸಾಮಾನು ಅವರಿಗೆ ಇನ್ನೊಂದಿಲ್ಲ.

ಹಳಿಯಲ್ಲಿ ಎರಡು ಜಾತಿ: ನೇರ, ತಿರುವು. ಮೆಟ್ಟಿಲು ಕೆಳಗಿಂದ ಮೇಲೆವರೆಗೆ ಒಂದೇ ಸಾಲಿನಲ್ಲಿದ್ದರೆ ನೇರ ಹಳಿ ಸಾಕು. ಅದನ್ನು ಉದ್ದಕ್ಕೆ ತಕ್ಕ ಹಾಗೆ ಕತ್ತರಿಸಿ ಅರ್ಧ ದಿನದಲ್ಲಿ ಕೂರಿಸಿಬಿಡುತ್ತಾರೆ. ನಾಳೆ ಬೇಡವಾದರೆ ಬಿಚ್ಚಿ ಬೇರೆಯವರಿಗೆ ಕೊಡಬಹುದು. ಆದರೆ ನಮ್ಮ ಮನೆಗಳಲ್ಲಿ ಹೆಚ್ಚಿನವು ಹಾಗಿರುವುದಿಲ್ಲ. ಜಾಗ ಉಳಿಸಲು ಅರ್ಧಕ್ಕೆ ಒಂದು ಚೌಕ ಕೊಟ್ಟು ಮೆಟ್ಟಿಲನ್ನು ವಾಪಸ್ ತಿರುಗಿಸಿರುತ್ತಾರೆ. ಇನ್ನೂ ಜಾಗ ಕಡಿಮೆ ಇದ್ದರೆ ಆ ಚೌಕವನ್ನೂ ಬಿಡದೆ ಮೂಲೆಯಲ್ಲಿ ತ್ರಿಕೋನದ ಮೆಟ್ಟಿಲು ಮಾಡಿರುತ್ತಾರೆ. ಇವಕ್ಕೆಲ್ಲ ತಿರುವಿನ ಹಳಿ ಬೇಕು. ಅದನ್ನು ನಿಮ್ಮ ಮೆಟ್ಟಿಲಿನ ಅಳತೆಗೇ ಕಾರ್ಖಾನೆಯಲ್ಲಿ ಬಗ್ಗಿಸಬೇಕು, ಹೊರದೇಶದಿಂದ ತರಿಸುವುದಾದರೆ ವಾರಗಟ್ಟಲೆ ಕಾಯಬೇಕು. ದುಡ್ಡು ನೇರ ಹಳಿಗಿಂತ ತುಂಬಾ ಜಾಸ್ತಿ. ಬೇರೆ ಯಾರ ಮನೆಗೂ ಆ ಹಳಿ ಹೊಂದುವುದಿಲ್ಲವಾದ್ದರಿಂದ ಮಾರಲು ಹೋದರೆ ಬೆಲೆಯೇ ಇಲ್ಲ.

ದುಡ್ಡು ಉಳಿಸಲು ಕೆಲವರು ಎರಡು ನೇರ ಹಳಿ ಹಾಕಿಸುತ್ತಾರೆ. ಕೆಳಗಿನ ಕುರ್ಚಿಯಲ್ಲಿ ಚೌಕದವರೆಗೆ ಬಂದು, ಅಲ್ಲಿ ಎದ್ದು, ಎರಡು ಹೆಜ್ಜೆ ನಡೆದು, ಇನ್ನೊಂದು ಕುರ್ಚಿಯಲ್ಲಿ ಕೂರುವುದು. ಮಂಡಿನೋವು ಮಾತ್ರ ಇದ್ದು, ತಲೆ ನೆಟ್ಟಗಿದ್ದು, ಚೌಕ ಅಗಲವಾಗಿದ್ದರೆ ಇದು ನಡೆಯುತ್ತದೆ. ಎದ್ದಾಗ ತಲೆ ಸುತ್ತುವವರಿಗೆ ಖಂಡಿತ ಬೇಡ. ಮೆಟ್ಟಿಲ ಮಧ್ಯದಲ್ಲಿ ಎರಡು ಸಲ ಎದ್ದು ಕೂರುವ ಕೆಲಸವನ್ನು ನಾವೇ ದುಡ್ಡು ಕೊಟ್ಟು ತಂದ ಹಾಗಾಗುತ್ತದೆ.

ಎರಡು ತುದಿ

ಅತ್ತೆಯ ಮನೆಯ ಪಾಠ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೇಲಿನ ತುದಿಯಲ್ಲಿ ಕುರ್ಚಿ ನಿಂತಾಗ ಪಾದ ಎಲ್ಲಿಗೆ ಇಳಿಯುತ್ತದೆ? ಮಹಡಿಯ ನೆಲಕ್ಕೇ ಇಳಿಯಬೇಕು, ಮೆಟ್ಟಿಲಿಗಲ್ಲ. ಇದಕ್ಕೆ ಎರಡು ದಾರಿ. ಒಂದು, ಸೀಟು ಪೂರ್ತಿ ಮಹಡಿಯ ಕಡೆಗೆ ತಿರುಗಿ ಅಲ್ಲೇ ಗಟ್ಟಿಯಾಗಿ ಲಾಕ್ ಆಗಬೇಕು. ಆಗ ಕುರ್ಚಿಯ ಬೆನ್ನೇ ಮೆಟ್ಟಿಲಿಗೆ ಅಡ್ಡ ನಿಂತು ತಡೆಗೋಡೆಯ ಹಾಗಾಗುತ್ತದೆ. ಇನ್ನೊಂದು, ಹಳಿಯನ್ನೇ ಮಹಡಿಯ ನೆಲದ ಮೇಲೆ ಒಂದೆರಡು ಅಡಿ ಒಳಗೆ ಎಳೆಯಬೇಕು. ಅತ್ತೆಯ ಮನೆಯಲ್ಲಿ ಕೊನೆಗೆ ಮಾಡಿದ್ದು ಈ ಎರಡನೆಯದು. ಹಳಿಗೆ ತುಂಡು ಸೇರಿಸಿದರು, ಮತ್ತೆ ಬಿಲ್ಲು ಬಂತು. ಮೊದಲೇ ಕೇಳಿದ್ದರೆ ಅದು ಬೇಕಾಗುತ್ತಿರಲಿಲ್ಲ. ಸೀಟನ್ನು ಕೈಯಲ್ಲಿ ತಿರುಗಿಸುವ ಮಾದರಿಯೂ ಇದೆ, ಮೋಟಾರೇ ತಿರುಗಿಸುವ ಮಾದರಿಯೂ ಇದೆ. ಮೆಟ್ಟಿಲ ತುದಿಯಲ್ಲಿ ಕೂತು ಪಕ್ಕದ ಹಿಡಿ ಎಳೆದು, ಮೈ ತಿರುಚಿ, ಕಾಲಲ್ಲಿ ನೂಕಿ ಸೀಟು ತಿರುಗಿಸುವುದು ಎಂಬತ್ತರ ಹತ್ತಿರದವರಿಗೆ ಸುಲಭವಲ್ಲ. ಎಲ್ಲಾದರೂ ಹೆಚ್ಚು ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಿ. ಸೀಟಿನ ಬಣ್ಣಕ್ಕೂ ಚರ್ಮದ ಹೊದಿಕೆಗೂ ಹಾಕಬೇಡಿ.

ಕೆಳಗಿನ ತುದಿಯಲ್ಲಿ ಹಳಿ ಕೊನೆಯ ಮೆಟ್ಟಿಲು ದಾಟಿ ನೆಲಕ್ಕೆ ಚಾಚುತ್ತದೆ. ಅಲ್ಲಿ ಬಾಗಿಲಿದೆಯೇ, ಓಡಾಡುವ ದಾರಿಯಿದೆಯೇ ನೋಡಿ. ಇದ್ದರೆ ಮಡಚುವ ಹಳಿ ಕೇಳಿ. ಕುರ್ಚಿ ಮೇಲಕ್ಕೆ ಹೋದ ಮೇಲೆ ತುದಿಯ ತುಂಡು ಮೇಲಕ್ಕೆ ಮಡಚಿಕೊಳ್ಳುತ್ತದೆ.

ಇನ್ನು ಅಗಲ. ನಮ್ಮ ಮನೆಯೊಳಗಿನ ಮೆಟ್ಟಿಲು ಸಾಮಾನ್ಯವಾಗಿ ಮೂರು ಅಡಿ. ಮಡಚಿಟ್ಟ ಕುರ್ಚಿಯೇ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಜಾಗ ತಿನ್ನುತ್ತದೆ. ಉಳಿದ ಜಾಗದಲ್ಲಿ ಮನೆಯ ಉಳಿದವರು ಹತ್ತಿ ಇಳಿಯಬೇಕು, ಗ್ಯಾಸ್ ಸಿಲಿಂಡರ್ ಹೋಗಬೇಕು, ಬೀರು ಹೋಗಬೇಕು. ಹಳಿ ಹಾಕುವಾಗ ಒಂದು ಕಡೆಯ ರೇಲಿಂಗ್ ತೆಗೆಯಬೇಕಾದರೆ ಇನ್ನೊಂದು ಕಡೆ ಹಾಕಿಸಲೇಬೇಕು. ತ್ರಿಕೋನದ ಮೆಟ್ಟಿಲಿದ್ದರೆ ಹಳಿಯನ್ನು ಆದಷ್ಟು ಒಳಬದಿಗೆ, ಅಂದರೆ ಮೆಟ್ಟಿಲು ಕಿರಿದಾಗಿರುವ ಕಡೆಗೆ ಹಾಕಿಸಿ. ನಡೆಯುವವರಿಗೆ ಅಗಲದ ಕಡೆ ಉಳಿಯುತ್ತದೆ.

ಕೂರುವವರು ಯಾರು

ಅಮ್ಮನ ಮನೆಗೆ ಇಬ್ಬರು ಮಾರಾಟಗಾರರನ್ನು ಕರೆಸಿದೆ. ಮೊದಲನೆಯವರು ಟ್ಯಾಬ್ ತೆಗೆದು ವಿಡಿಯೋ ತೋರಿಸಿದರು. ಎರಡನೆಯವರು ಊಟದ ಮೇಜಿನ ಕುರ್ಚಿ ಎಳೆದು, "ಅಮ್ಮ, ಕೈ ಊರದೆ ಒಂದ್ಸಲ ಎದ್ದು ನಿಲ್ತೀರಾ?" ಅಂದರು. ಅಮ್ಮ ಮೂರನೇ ಪ್ರಯತ್ನಕ್ಕೆ ಎದ್ದರು. ಎದ್ದವರು ಮೇಜಿನ ಅಂಚು ಹಿಡಿದರು. ಅವರು ಅಮ್ಮನ ಮಂಡಿಯಿಂದ ನೆಲದವರೆಗಿನ ಎತ್ತರ ಅಳೆದು ಬರೆದುಕೊಂಡರು. ಆಮೇಲೆ ಕೇಳಿದ ಪ್ರಶ್ನೆ, ದಿನಕ್ಕೆ ಎಷ್ಟು ಸಲ ಇಳಿಯುತ್ತೀರಿ, ಯಾತಕ್ಕೆ ಇಳಿಯುತ್ತೀರಿ ಅಂತ.

ನಮಗೆ ಆ ಪ್ರಶ್ನೆಗೆ ಉತ್ತರ ಗೊತ್ತೇ ಇರಲಿಲ್ಲ. ಅಮ್ಮ ಬೆರಳು ಮಡಚಿ ಎಣಿಸಿದರು. ಬೆಳಿಗ್ಗೆ ಗೇಟಿನ ಮುಂದೆ ನೀರು ಹಾಕಿ ರಂಗೋಲಿಗೆ ಒಂದು ಸಲ. ತುಳಸಿ ಕಟ್ಟೆಗೆ ದೀಪ ಹಚ್ಚಲು ಒಂದು ಸಲ. ತರಕಾರಿ ಗಾಡಿ ಬಂದಾಗ ಒಂದು ಸಲ. ಸಾಯಂಕಾಲ ಪಕ್ಕದ ಬೀದಿಯ ಗಣೇಶನ ಗುಡಿಗೆ. ದಿನಕ್ಕೆ ನಾಲ್ಕು ಸಲ ಇಳಿಯುವುದು, ನಾಲ್ಕು ಸಲ ಹತ್ತುವುದು. ನೂರ ನಲವತ್ತನಾಲ್ಕು ಮೆಟ್ಟಿಲು.

"ಕೂತ್ಕೊಂಡು ಹೋದ್ರೆ ಕಾಲು ಪೂರ್ತಿ ಹೋಗ್ಬಿಡುತ್ತೆ" ಅನ್ನುವ ಮಾತು ಬಂಧುಗಳಿಂದ ಬಂದೇ ಬರುತ್ತದೆ. ಅದರಲ್ಲಿ ಸ್ವಲ್ಪ ನಿಜ ಇದೆ. ಕಾಲಿಗೆ ಕೆಲಸ ಬೇಕು. ಆದರೆ ಮೆಟ್ಟಿಲು ಇಳಿಯುವಾಗ ಮಂಡಿಯ ಮೇಲೆ ಬೀಳುವ ಭಾರ ದೇಹದ ತೂಕದ ಮೂರು ಪಟ್ಟಿಗಿಂತ ಜಾಸ್ತಿ. ಸವೆದ ಮಂಡಿಗೆ ಅದು ವ್ಯಾಯಾಮ ಆಗುವುದಿಲ್ಲ. ಮೆಟ್ಟಿಲಲ್ಲಿ ಉಳಿದ ಶಕ್ತಿಯನ್ನು ಪಾರ್ಕಿನ ಸಮತಟ್ಟು ದಾರಿಯಲ್ಲಿ ನಡೆಯಲು ಬಳಸಬಹುದು. ಇಳಿಯುವುದನ್ನು ಕುರ್ಚಿಗೆ ಬಿಟ್ಟು, ಒಳ್ಳೆಯ ದಿನ ಹತ್ತುವುದನ್ನು ಮಾತ್ರ ಕಾಲಿಗೆ ಬಿಡುವವರೂ ಇದ್ದಾರೆ.

ಎಲ್ಲರಿಗೂ ಈ ಕುರ್ಚಿ ಆಗಿಬರುವುದಿಲ್ಲ ಅನ್ನುವುದನ್ನೂ ಹೇಳಲೇಬೇಕು. ಗಾಲಿಕುರ್ಚಿಯಲ್ಲಿರುವವರು ಅದರಿಂದ ಇದಕ್ಕೆ ಬದಲಾಯಿಸಿ ಕೂರಬೇಕು, ಮೇಲೆ ಹೋದ ಮೇಲೆ ಇನ್ನೊಂದು ಗಾಲಿಕುರ್ಚಿ ಕಾದಿರಬೇಕು. ಎತ್ತಿ ಕೂರಿಸಲು ಇನ್ನೊಬ್ಬರು ಬೇಕೇ ಬೇಕು ಅನ್ನುವ ಸ್ಥಿತಿ ಇದ್ದರೆ ಮನೆಯ ಲಿಫ್ಟೇ ಸರಿ. ಮರೆವಿನ ಕಾಯಿಲೆ ಇರುವವರು ದಾರಿ ಮಧ್ಯದಲ್ಲಿ ಬೆಲ್ಟ್ ಬಿಚ್ಚಿ ಎದ್ದು ನಿಲ್ಲಬಹುದು. ಇದ್ದಕ್ಕಿದ್ದ ಹಾಗೆ ಪ್ರಜ್ಞೆ ತಪ್ಪುವವರು, ಹತೋಟಿಗೆ ಬಾರದ ಫಿಟ್ಸ್ ಇರುವವರು ಒಬ್ಬರೇ ಬಳಸುವಂತಿಲ್ಲ. ಸೊಂಟದ ಕೀಲು ಬದಲಾಯಿಸಿಕೊಂಡವರಿಗೆ ಕೆಲವು ವಾರ ತಗ್ಗಿನ ಸೀಟಿನಲ್ಲಿ ಕೂರಬೇಡಿ ಅಂತ ವೈದ್ಯರು ಹೇಳಿರಬಹುದು. ಮಂಡಿ ಮಡಚಲೇ ಆಗದವರಿಗೆ ಅರ್ಧ ನಿಂತ ಹಾಗೆ ಒರಗಿ ಹೋಗುವ ಮಾದರಿಗಳಿವೆ. ಇದನ್ನೆಲ್ಲ ಮಾರುವವರಿಗಿಂತ ಮೊದಲು ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಮಾತಾಡುವುದು ಒಳ್ಳೆಯದು. ಅಮ್ಮನಿಗೆ ಅವರು ಕಲಿಸಿದ ಒಂದು ಸೂತ್ರ ಲಿಫ್ಟ್ ಇಲ್ಲದ ಮನೆಗೂ ಉಪಯೋಗಕ್ಕೆ ಬರುತ್ತದೆ: ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ನೋಯೋ ಕಾಲು ಮುಂದೆ.

ಕಲ್ಲು, ಮಳೆ, ಕರೆಂಟು

ಅಮ್ಮನ ಮನೆಯ ಮೆಟ್ಟಿಲು ಸಾದರಹಳ್ಳಿ ಕಲ್ಲಿನದು. ಹಳೆಯ ಬೆಂಗಳೂರು ಮನೆಗಳಲ್ಲಿ ಈ ಬೂದು ಕಲ್ಲನ್ನು ನೀವು ನೋಡಿಯೇ ಇರುತ್ತೀರಿ. ಕೆಲವು ಮನೆಗಳಲ್ಲಿ ಚಪ್ಪಡಿಯ ಒಂದು ತುದಿ ಮಾತ್ರ ಗೋಡೆಯೊಳಗಿರುತ್ತದೆ, ಇನ್ನೊಂದು ತುದಿ ಗಾಳಿಯಲ್ಲಿ ನಿಂತಿರುತ್ತದೆ. ಅಂಥ ಮೆಟ್ಟಿಲಿಗೆ ತೂತು ಕೊರೆದು ಹಳಿಯ ಕಾಲು ಬಿಗಿಯುವ ಮುಂಚೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಬೇಕು. ಕುರ್ಚಿ, ಹಳಿ, ಕೂತವರು ಎಲ್ಲ ಸೇರಿದ ಭಾರ ಒಂದೆರಡು ಕಾಲುಗಳ ಮೇಲೆ ಬೀಳುತ್ತದೆ. ಕಾಂಕ್ರೀಟ್ ಮೆಟ್ಟಿಲಿಗೆ ಹೊಳೆಯುವ ಗ್ರಾನೈಟ್ ಅಂಟಿಸಿದ್ದರೆ ಬೇರೆ ಸಮಸ್ಯೆ. ಅಂಚಿಗೆ ಹತ್ತಿರ ಕೊರೆದರೆ ಗ್ರಾನೈಟ್ ಬಿರುಕು ಬಿಡುತ್ತದೆ, ಅದರ ಕೆಳಗೆ ಗಾರೆ ಟೊಳ್ಳಾಗಿದ್ದರೆ ಬೋಲ್ಟು ಹಿಡಿಯುವುದಿಲ್ಲ. ಬೆರಳ ಗೆಣ್ಣಿನಲ್ಲಿ ತಟ್ಟಿ ನೋಡಿ. ಟೊಳ್ಳು ಶಬ್ದ ಬಂದ ಕಡೆ ಸುಣ್ಣದಲ್ಲಿ ಗುರುತು ಹಾಕಿ, ಅಳತೆಗೆ ಬಂದವರಿಗೆ ತೋರಿಸಿ.

ಮೆಟ್ಟಿಲು ಹೊರಗಿದ್ದರೆ ಹೊರಗಿನ ಬಳಕೆಗೇ ಮಾಡಿದ ಮಾದರಿ ಬೇಕು. ಒಳಗಿನದಕ್ಕೆ ಪ್ಲಾಸ್ಟಿಕ್ ಹೊದಿಸಿ ಮಳೆಗಾಲ ಕಳೆಯೋಣ ಅಂದರೆ ಆಗುವುದಿಲ್ಲ. ಮೆಟ್ಟಿಲಿಗೆ ಮೇಲೊಂದು ಶೀಟು ಹಾಕಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಾಡಿಗೆಯವರು, ಬೇರೆ ಮನೆಯವರು ಹಂಚಿಕೊಳ್ಳುವ ಮೆಟ್ಟಿಲಾದರೆ ಅವರ ಒಪ್ಪಿಗೆಯೂ ಬೇಕು.

ಕರೆಂಟು ಹೋದರೆ ಏನು ಗತಿ ಅಂತ ಎಲ್ಲರೂ ಕೇಳುತ್ತಾರೆ. ಈಗಿನ ಹೆಚ್ಚಿನ ಸ್ಟೇರ್ ಲಿಫ್ಟ್‌ಗಳು ಓಡುವುದು ಬ್ಯಾಟರಿಯಲ್ಲಿ. ಮನೆಯ ಕರೆಂಟು ಆ ಬ್ಯಾಟರಿಗೆ ಚಾರ್ಜ್ ಮಾಡುತ್ತದೆ ಅಷ್ಟೇ. ಪವರ್ ಕಟ್ ಆದರೂ ಹಲವು ಸಲ ಹೋಗಿ ಬರಬಹುದು. ಚಾರ್ಜ್ ಆಗುವುದು ಸಾಮಾನ್ಯವಾಗಿ ಹಳಿಯ ಎರಡು ತುದಿಯಲ್ಲಿ ಮಾತ್ರ. ಯಾರೋ ದಾರಿ ಬಿಡಿಸಲು ಕುರ್ಚಿಯನ್ನು ಮಧ್ಯದಲ್ಲಿ ನಿಲ್ಲಿಸಿ ಹೋದರೆ ಬ್ಯಾಟರಿ ಮೆಲ್ಲಗೆ ಇಳಿಯುತ್ತದೆ. ನಮ್ಮ ಅತ್ತೆ ಮಾವ ಊರಿಗೆ ಹೋಗುವಾಗ ಅಭ್ಯಾಸದಂತೆ ಮೇನ್ ಸ್ವಿಚ್ ಆರಿಸಿ ಹೋದರು. ತಿಂಗಳ ನಂತರ ಬಂದಾಗ ಕುರ್ಚಿ ಅಲುಗಾಡಲಿಲ್ಲ. ಬ್ಯಾಟರಿ ಸತ್ತಿತ್ತು. ಸೀಸದ ಬ್ಯಾಟರಿಯನ್ನು ಹೇಗೂ ಕೆಲವು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಸೆಕೆ ಜಾಸ್ತಿ ಇರುವ ಊರಲ್ಲಿ ಅದು ಇನ್ನೂ ಬೇಗ ಸೋಲುತ್ತದೆ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಇರುವವರು ಇದನ್ನು ನೆನಪಿಡಬೇಕು.

ದುಡ್ಡು ಮತ್ತು ರಿಪೇರಿ

ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದ ಗೆಳೆಯರು ಈ ವಿಷಯ ಮಾತಾಡುವಾಗ ಬೇರೆಯೇ ಲೋಕದ ಮಾತು ಅನ್ನಿಸುತ್ತದೆ. ಅಲ್ಲಿ ಸ್ಟ್ಯಾನಾ ಕಂಪನಿ 1970ರ ದಶಕದಿಂದಲೇ ಸ್ಟೇರ್ ಲಿಫ್ಟ್ ಮಾಡುತ್ತಿದೆ. ಬಾಡಿಗೆಗೂ ಸಿಗುತ್ತದೆ, ರಿಪೇರಿ ಮಾಡಿದ ಹಳೆಯದೂ ಸಿಗುತ್ತದೆ. ಅಂಗವೈಕಲ್ಯ ಇರುವವರು ಮನೆಯನ್ನು ಬದಲಾಯಿಸಿಕೊಳ್ಳಲು ಸ್ಥಳೀಯ ಆಡಳಿತ ಕೊಡುವ ನೆರವು ಇಂಗ್ಲೆಂಡಿನಲ್ಲಿ 30,000 ಪೌಂಡಿನವರೆಗೆ ಇದೆ, ಆದಾಯ ನೋಡಿ ಕೊಡುತ್ತಾರೆ. ಅರವತ್ತು ದಾಟಿದವರ ಮನೆಗೆ ಹಾಕಿದರೆ ತೆರಿಗೆಯೂ ಕಡಿಮೆ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್, ಅದರ ಮೂಲ ಯೋಜನೆ ಸ್ಟೇರ್ ಲಿಫ್ಟ್‌ಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ.

ನಮ್ಮಲ್ಲಿ ಖರ್ಚೆಲ್ಲ ಮನೆಯವರದ್ದೇ. ಲಕ್ಷಗಳ ಮಾತು. ಹೆಚ್ಚಾಗಿ ಹೊರಗಿರುವ ಮಗನೋ ಮಗಳೋ ವಿಡಿಯೋ ಕಾಲ್‌ನಲ್ಲಿ ಮಾದರಿ ಆರಿಸಿ ದುಡ್ಡು ಕಳಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಸಂಶಯವಿಲ್ಲ. ಆದರೆ ಕೂರುವವರು ಷೋರೂಮಿಗೆ ಹೋಗಿ, ಸೀರೆ ಉಟ್ಟುಕೊಂಡೇ ಕೂತು, ಸೆರಗು ನೆರಿಗೆ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಬೆಲ್ಟ್ ತಾವೇ ಹಾಕಿಕೊಳ್ಳಲು ಆಗುತ್ತದೆಯೇ, ಕಾಲಿಡುವ ಹಲಗೆ ಮಡಚಲು ಬಗ್ಗಬೇಕೇ ಅಂತ ನೋಡದೆ ದುಡ್ಡು ಕಟ್ಟಬೇಡಿ. ಬಗ್ಗದೆ ಹಲಗೆ ಮಡಚುವ ವ್ಯವಸ್ಥೆ ಇದೆ, ಕೇಳಿದರೆ ತೋರಿಸುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಬ್ರ್ಯಾಂಡಿಗಿಂತ ದೊಡ್ಡದು ಸರ್ವಿಸ್. ನಿಮ್ಮ ಊರಿಗೆ ಯಾರು ಬರುತ್ತಾರೆ, ಎಷ್ಟು ಹೊತ್ತಿನಲ್ಲಿ ಬರುತ್ತಾರೆ? ಸರ್ಕ್ಯೂಟ್ ಬೋರ್ಡ್ ಕೆಟ್ಟರೆ ಬಿಡಿಭಾಗ ಬೆಂಗಳೂರಿನಲ್ಲಿದೆಯೇ, ಹಡಗಿನಲ್ಲಿ ಬರಬೇಕೇ? ಮಧ್ಯದಲ್ಲಿ ಕುರ್ಚಿ ನಿಂತರೆ ಕೈಯಲ್ಲಿ ತಿರುಗಿಸಿ ಇಳಿಸುವ ಚಕ್ರ ಇದೆಯೇ, ಅದನ್ನು ತಿರುಗಿಸಲು ಮನೆಯಲ್ಲಿ ಯಾರಿದ್ದಾರೆ? ಇಬ್ಬರೇ ವಯಸ್ಸಾದವರಿರುವ ಮನೆಯಲ್ಲಿ ಇದು ದೊಡ್ಡ ಪ್ರಶ್ನೆ. ಶಿವಮೊಗ್ಗದಲ್ಲೋ ಹಾಸನದಲ್ಲೋ ಇದ್ದರೆ ಈಗಾಗಲೇ ಅದೇ ಕಂಪನಿಯ ಕುರ್ಚಿ ಹಾಕಿಸಿಕೊಂಡಿರುವ ಹತ್ತಿರದ ಒಂದು ಮನೆಯ ನಂಬರು ಕೇಳಿ, ಅವರ ಜೊತೆ ಮಾತಾಡಿ. ಇಎನ್ 81-40ಕ್ಕೆ ಹೊಂದುತ್ತದೆ ಅನ್ನುವುದನ್ನು ಬಾಯಿಮಾತಲ್ಲಿ ಬೇಡ, ಬರಹದಲ್ಲಿ ತೆಗೆದುಕೊಳ್ಳಿ.

ಇಷ್ಟು ದುಡ್ಡು ಹಾಕುವ ಬದಲು ಮನೆಗೇ ಲಿಫ್ಟ್ ಹಾಕಿಸೋಣ ಅನ್ನುವವರಿದ್ದಾರೆ. ಜಾಗ ಇದ್ದರೆ, ಮುಂದೆ ಗಾಲಿಕುರ್ಚಿ ಬೇಕಾಗುವ ಸೂಚನೆ ಇದ್ದರೆ ಅದು ಸರಿಯಾದ ಯೋಚನೆ. ಅದಕ್ಕೆ ಚಾವಣಿ ಕತ್ತರಿಸಬೇಕು, ಖರ್ಚು ಇನ್ನೂ ಮೇಲೆ. ಕರ್ನಾಟಕದಲ್ಲಿ ಲಿಫ್ಟ್‌ಗೆಂದೇ 2012ರ ಕಾಯ್ದೆ ಇದೆ, ವಿದ್ಯುತ್ ಪರಿವೀಕ್ಷಣಾಲಯದ ಅನುಮತಿಯ ಕೆಲಸವೂ ಸೇರಿಕೊಳ್ಳುತ್ತದೆ.

ಲಕ್ಷ ಹಾಕುವ ಮೊದಲು ಸಾವಿರದಲ್ಲಿ ಆಗುವ ಕೆಲಸ ಮುಗಿಸಿಕೊಳ್ಳಿ. ಮೆಟ್ಟಿಲ ಎರಡೂ ಕಡೆ ರೇಲಿಂಗ್, ತಿರುವಿನಲ್ಲೂ ತುಂಡಾಗದ ಹಾಗೆ. ಅದು ಕೊನೆಯ ಮೆಟ್ಟಿಲಿಗಿಂತ ಒಂದು ಅಡಿ ಮುಂದೆ ಚಾಚಿರಲಿ. ಪ್ರತಿ ಮೆಟ್ಟಿಲ ಅಂಚಿಗೆ ಎದ್ದು ಕಾಣುವ ಬಣ್ಣದ ಒರಟು ಪಟ್ಟಿ. ಮೇಲೂ ಕೆಳಗೂ ಸ್ವಿಚ್ಚಿರುವ ದೀಪ. ಮೆಟ್ಟಿಲ ಬುಡದಲ್ಲಿ ಜಾರುವ ಕಾಲೊರೆಸು ಬೇಡ. ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಹತ್ತಿರಕ್ಕೂ ದೂರಕ್ಕೂ ಒಂದೇ ಕನ್ನಡಕ ಹಾಕುವವರು ಇಳಿಯುವಾಗ ಗಾಜಿನ ಕೆಳಭಾಗದಿಂದ ನೋಡುತ್ತಾರೆ. ಅದು ಓದುವ ಗಾಜು. ಮೆಟ್ಟಿಲ ಅಂಚು ಮಸುಕಾಗುತ್ತದೆ. ಇಳಿಯುವಾಗ ತಲೆಯನ್ನೇ ಚೆನ್ನಾಗಿ ಬಗ್ಗಿಸಿ ನೋಡಬೇಕು, ಇಲ್ಲವೇ ದೂರದ ಕನ್ನಡಕ ಬೇರೆ ಇಟ್ಟುಕೊಳ್ಳಬೇಕು.

ಅಮ್ಮನ ಮನೆ

ಅಮ್ಮನ ಮೆಟ್ಟಿಲು ಹೊರಗಿದೆ, ತಿರುವಿದೆ, ಕಲ್ಲಿನದು. ಅಂದರೆ ತಿರುವಿನ ಹಳಿ, ಹೊರಗಿನ ಮಾದರಿ, ಮೇಲೆ ಶೀಟು, ಎಂಜಿನಿಯರ್ ತಪಾಸಣೆ. ಎಲ್ಲ ಸೇರಿಸಿದ ಮೊತ್ತವನ್ನು ಒಂದು ಹಾಳೆಯ ಮೇಲೆ ಬರೆದೆ. ಪಕ್ಕದಲ್ಲಿ ಇನ್ನೊಂದು ಲೆಕ್ಕ ಬರೆದೆ. ಕೆಳಗಿನ ಬಾಡಿಗೆಯವರು ಮೇಲೆ ಬಂದು ಅಮ್ಮ ಕೆಳಗೆ ಹೋದರೆ? ಎರಡೂ ಮನೆ ಒಂದೇ ಅಳತೆ. ಸಾಗಿಸುವ ಕೂಲಿ, ಕೆಳಗಿನ ಬಚ್ಚಲಿಗೆ ಹಿಡಿಕೆ, ಸುಣ್ಣಬಣ್ಣ. ಮೊದಲ ಲೆಕ್ಕದ ಮುಂದೆ ಇದು ಏನೂ ಅಲ್ಲ. ಅತ್ತೆಯ ಡೂಪ್ಲೆಕ್ಸ್‌ನಲ್ಲಿ ಈ ದಾರಿ ಇರಲಿಲ್ಲ, ಅವರಿಗೆ ಕುರ್ಚಿಯೇ ಸರಿ. ಹಳಿ ಸರಿ ಮಾಡಿಸಿದ ಮೇಲೆ ಈಗ ಅವರು ಮಧ್ಯಾಹ್ನದ ಊಟ ಮುಗಿಸಿ, ತೊಡೆಯ ಮೇಲೆ ರೇಡಿಯೋ ಇಟ್ಟುಕೊಂಡು, ಹಾಡು ಕೇಳುತ್ತಲೇ ಮಲಗಲು ಮೇಲೆ ಹೋಗುತ್ತಾರೆ.

ಬಾಡಿಗೆಯವರನ್ನು ಕೇಳಿದೆ. ಮೇಲೆ ಗಾಳಿ ಬೆಳಕು ಜಾಸ್ತಿ, ನಮಗೇನೂ ತೊಂದರೆಯಿಲ್ಲ ಅಂದರು. ಅವರ ಹನ್ನೊಂದು ತಿಂಗಳ ಕರಾರು ಮುಗಿಯುವ ಹೊತ್ತಿಗೆ ಬದಲಾಯಿಸೋಣ ಅಂತ ಮಾತಾಗಿದೆ. ಅಮ್ಮ ಮಾತ್ರ ಇನ್ನೂ ಪೂರ್ತಿ ಹೂಂ ಅಂದಿಲ್ಲ. ಮೂವತ್ತು ವರ್ಷ ಇದ್ದ ಅಡುಗೆಮನೆ, ಬೆಳಗಿನ ಬಿಸಿಲು ಬೀಳುವ ಬಾಲ್ಕನಿ, ಬೀದಿ ಕಾಣುವ ಕಿಟಕಿ. ನಾನು ಒತ್ತಾಯ ಮಾಡುತ್ತಿಲ್ಲ. ತಿರುವಿನ ಆ ಖಾಲಿ ಗೇಣಿಗೆ ಮಾತ್ರ ಹೋದ ವಾರ ವೆಲ್ಡಿಂಗ್‌ನವರನ್ನು ಕರೆಸಿ ಪೈಪು ಸೇರಿಸಿದೆ. ಗೋಡೆಯ ಕಡೆಯೂ ಒಂದು ರೇಲಿಂಗ್ ಹಾಕಿಸಿದೆ. ಮರುದಿನ ಬೆಳಿಗ್ಗೆ ಅಮ್ಮ ರಂಗೋಲಿ ಡಬ್ಬಿಯನ್ನು ಚೀಲದಲ್ಲಿ ಹೆಗಲಿಗೆ ಹಾಕಿಕೊಂಡು, ಎರಡು ಕಡೆ ಎರಡು ಕೈ ಹಿಡಿದು, ಮುಖ ಮುಂದೆ ಮಾಡಿ ಇಳಿದರು. ಕೆಳಗೆ ತಲುಪಿ ಬಾಡಿಗೆಯವರ ಮನೆಯ ಕಿಟಕಿಯನ್ನು ಸ್ವಲ್ಪ ಹೊತ್ತು ನೋಡಿದರು. "ಈ ರೂಮಿಗೆ ಬೆಳಿಗ್ಗೆ ಬಿಸಿಲು ಬರುತ್ತಾ ಕೇಳು" ಅಂದರು.